ಗೋಡೆ ಕಡೆಯ ಮೂಲೆ

ಮನೆ, ಅಡಿಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊಸ ಜಾಗದ ನೀರಿಗೆ ಕೂದಲು ಉದುರುತ್ತಿದೆ ಎಂದಿದ್ದೆಯಲ್ಲ, ಈಗಲಾದರೂ ಒಗ್ಗಿತೇ? ಇವನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ನಿಜ. ಆದರೆ ಫೋನು ಎತ್ತಿದ ಕೂಡಲೇ ನೀನು 'ಮೀಟಿಂಗಲ್ಲಿದ್ದೀನಿ ಕಣೇ, ಆಮೇಲೆ ಮಾಡ್ತೀನಿ' ಎನ್ನುತ್ತೀಯ, ಆ 'ಆಮೇಲೆ' ಇನ್ನೂ ಬಂದಿಲ್ಲ. ಕಾಗದಕ್ಕೆ ಆ ಸೌಕರ್ಯವಿಲ್ಲ ನೋಡು. ಅದನ್ನು ಮಧ್ಯದಲ್ಲಿ ಕಟ್ ಮಾಡಬೇಕೆಂದರೆ ಕತ್ತರಿಯನ್ನೇ ಹುಡುಕಬೇಕು. ನಾನು ಚೆನ್ನಾಗಿದ್ದೇನೆ. ಕೆಳಗಿನ ಟೈರು ಅಂಗಡಿಯವನು ಹೊಸ ಗಾಳಿ ಯಂತ್ರ ತಂದಿದ್ದಾನೆ, ಅದು ಒಮ್ಮೆ ಬುಸ್ಸೆಂದರೆ ನಮ್ಮ ಕಪಾಟಿನ ಲೋಟಗಳೆಲ್ಲ ಕಟಕಟ ಎನ್ನುತ್ತವೆ. ನಿನ್ನ ಮಂಚದ ಮೇಲೆ ಈಗ ನಾನೇ ಮಲಗುತ್ತೇನೆ. ಕಿಟಕಿ ಕಡೆಯ ಜಾಗಕ್ಕಾಗಿ ಇಷ್ಟು ವರ್ಷ ಜಗಳವಾಡಿದ್ದು ದಂಡವಾಯಿತು, ಅಲ್ಲಿ ಬರೀ ಸೊಳ್ಳೆ. ಚಿಕ್ಕಮ್ಮನೂ ಆರೋಗ್ಯವಾಗಿದ್ದಾಳೆ. ಕೆಮ್ಮು ಹೋಗಿದೆ, ಮಂಡಿ ಬಗ್ಗುತ್ತದೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಕೈ ಮಾತ್ರ ಬಿರುಕು ಬಿಟ್ಟಿದೆ. ಯಾಕೆ ಎಂದು ಹೇಳುತ್ತೇನೆ, ಅದನ್ನು ಹೇಳಲಿಕ್ಕೆಂದೇ ಕೂತಿದ್ದೇನೆ.

ಮೊನ್ನೆ ಪಕ್ಕದ ಮನೆಯ ಟೀಚರು ಬಂದಿದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಂದು ಲೋಟ ನೀರು ಕೇಳಿದರು. ಚಿಕ್ಕಮ್ಮ ಲೋಟ ತೊಳೆದಳು, ಕಿಟಕಿಯ ಬೆಳಕಿಗೆ ಹಿಡಿದಳು, ಮುಖ ಸಣ್ಣದು ಮಾಡಿಕೊಂಡು ಮತ್ತೆ ತೊಳೆದಳು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದಳು. ಟೀಚರು ಕಾದು ಕಾದು, ತಮ್ಮ ಮನೆಗೇ ಹೋಗಿ ನೀರು ಕುಡಿದು ಬಂದರು. ನಾನು ನಗಾಡುತ್ತ 'ಚಿಕ್ಕಮ್ಮಾ, ಲೋಟ ಸವೆದುಹೋಗುತ್ತೆ' ಎಂದೆ. ಅವಳು ನಗಲಿಲ್ಲ. 'ನನ್ನ ಕೈ ಮೊದಲಿನ ಹಾಗಿಲ್ಲ ಕಣೇ. ಎಲ್ಲೋ ಒಂದು ಮೂಲೆ ಬಿಟ್ಟುಬಿಡುತ್ತೆ. ನನಗೇ ಗೊತ್ತಾಗಲ್ಲ' ಎಂದಳು. ಅಕ್ಕಾ, ಇದು ಯಾರ ಬಾಯಲ್ಲಿ ಬರುವ ಮಾತು ಹೇಳು? ಅಮ್ಮ ಹೋದಾಗ ನೀನು ಶಾಲೆಗೆ ಹೋಗುತ್ತಿದ್ದೆ, ನಾನಿನ್ನೂ ಹಾಸಿಗೆ ಒದ್ದೆ ಮಾಡುತ್ತಿದ್ದೆ. ಅಮ್ಮನ ತಂಗಿ ಎಂಬ ಒಂದೇ ಕಾರಣಕ್ಕೆ ನಮ್ಮಿಬ್ಬರನ್ನೂ ಕಟ್ಟಿಕೊಂಡು, ತನ್ನ ಬದುಕನ್ನು ಪಕ್ಕಕ್ಕಿಟ್ಟು, ಈಗ ನಾನಿರುವ ಇದೇ ಸೌರಫಲಕದ ಕಾರ್ಖಾನೆಯಲ್ಲಿ ಗಾಜು ತೊಳೆಯುವ ವಿಭಾಗ ಸೇರಿದವಳು ಅವಳು. ಅಲ್ಲೇ ಮುಖ್ಯಸ್ಥೆಯಾದಳು. ತೊಳೆದ ಗಾಜನ್ನು ಓರೆಯಾಗಿ ಎತ್ತಿ ಹಿಡಿದರೆ ನೀರು ಒಂದೇ ಹಾಳೆಯ ಹಾಗೆ ಇಳಿಯಬೇಕು, ನಡುವೆ ಒಡೆದು ಹನಿಯಾದರೆ ಅಲ್ಲಿ ಜಿಡ್ಡಿದೆ ಎಂದರ್ಥ, ವಾಪಸು ತೊಟ್ಟಿಗೆ. ಇಷ್ಟೇ ಅವಳ ಶಾಸ್ತ್ರ. ಅವಳು 'ಹೂಂ' ಎನ್ನದೆ ಒಂದು ಗಾಜೂ ಮುಂದೆ ಹೋಗುತ್ತಿರಲಿಲ್ಲ. ಈಗ ಅದೇ ಪರೀಕ್ಷೆ ಮನೆಯ ಲೋಟಕ್ಕೆ, ತಟ್ಟೆಗೆ, ಮುಖ ನೋಡಿಕೊಳ್ಳುವ ಕನ್ನಡಿಗೆ, ಕೊನೆಗೆ ನನ್ನ ಕೈಗಡಿಯಾರದ ಗಾಜಿಗೂ ನಡೆಯುತ್ತಿದೆ. ಯಾವುದೂ ಪಾಸಾಗುವುದಿಲ್ಲ. ಸೋಪಿನ ನೀರಲ್ಲಿ ಕೈ ಇಟ್ಟೂ ಇಟ್ಟೂ ಬೆರಳ ಸಂದಿಯಲ್ಲಿ ರಕ್ತ ಜಿನುಗುತ್ತದೆ. ಮುಲಾಮು ಹಚ್ಚಿದರೆ ಜಿಡ್ಡಾಗುತ್ತದೆ ಎಂದು ಅದನ್ನೂ ತೊಳೆದುಬಿಡುತ್ತಾಳೆ.

ಇನ್ನು ನನ್ನದೊಂದು ಸಂಶಯ. ನನಗೆ ಈ ಕೆಲಸದಲ್ಲಿ ಗುರು ನೀನು, ನೀನೇ ಪರಿಹರಿಸಬೇಕು. ಲೈನಿಗೆ ಸೇರಿದ ಮೊದಲ ವಾರ ನೀನು ಹೇಳಿಕೊಟ್ಟ ಪಾಠವನ್ನು ಹಾಗೇ ಒಪ್ಪಿಸುತ್ತೇನೆ, ತಪ್ಪಿದ್ದರೆ ಕಿವಿ ಹಿಂಡು. ನಾವು ಮಾಡುವ ಸೌರಫಲಕ ಎಂದರೆ ಗಾಜು, ಮತ್ತು ಆ ಗಾಜಿನ ಮೇಲೆ ಬಿಸಿಲನ್ನು ಕರೆಂಟು ಮಾಡುವ ಪದರ. ಆ ಪದರ ಎಷ್ಟು ತೆಳು ಎಂದರೆ ತಲೆಗೂದಲೂ ಅದರ ಮುಂದೆ ಮರದ ದಿಮ್ಮಿ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಚೇಂಬರಿನೊಳಗೆ, ಕೆಳಗೆ ಮೂಸೆಯಲ್ಲಿ ಪುಡಿ ಕಾದು ಆವಿಯಾಗಿ ಏಳುತ್ತದೆ. ಮೇಲೆ ಎರಡು ಗಾಜುಗಳು ಮುಖ ಕೆಳಗೆ ಮಾಡಿಕೊಂಡು ಅಕ್ಕಪಕ್ಕ ಮಲಗಿರುತ್ತವೆ, ಒಂದು ಬಾಗಿಲ ಕಡೆ, ಒಂದು ಗೋಡೆ ಕಡೆ. ಆವಿ ಹೋಗಿ ಅವಕ್ಕೆ ಅಂಟಿಕೊಂಡು ಪದರವಾಗುತ್ತದೆ. ಸಾಕಷ್ಟು ಅಂಟಿತೋ ಇಲ್ಲವೋ ಎಂದು ಗಾಜನ್ನೇ ಕೇಳಲಾಗುವುದಿಲ್ಲ. ಅದಕ್ಕೆ ಎರಡೂ ಗಾಜುಗಳ ನಡುವಿನ ಪಟ್ಟಿಯಲ್ಲಿ ಒಂದು ತೂತು, ಆ ತೂತಿನಲ್ಲಿ ಸೆನ್ಸರು, ಸೆನ್ಸರಿನ ಬಾಯಲ್ಲಿ ನಾಣ್ಯದಷ್ಟು ಅಗಲದ ಹರಳು. ಹರಳು ಸದಾ ನಡುಗುತ್ತಿರುತ್ತದೆ. ಗಾಜಿಗೆ ಬೀಳುವ ಆವಿ ಅದಕ್ಕೂ ಬೀಳುತ್ತದೆ, ಬಿದ್ದಷ್ಟೂ ಮೈ ಭಾರವಾಗಿ ನಡುಕ ನಿಧಾನವಾಗುತ್ತದೆ, ಎಷ್ಟು ನಿಧಾನವಾಯಿತು ಎಂಬುದರಿಂದ ಪದರ ಎಷ್ಟು ದಪ್ಪವಾಯಿತು ಎಂದು ಕಂಪ್ಯೂಟರಿನ ತೆರೆಯ ಮೇಲೆ ಬರುತ್ತದೆ. ಬೇಕಾದಷ್ಟಾದ ಕೂಡಲೇ ಮೂಸೆಗೆ ಮುಚ್ಚಳ ಬೀಳುತ್ತದೆ. 'ಹರಳು ಪಕ್ಕದಲ್ಲಿ ಕೂತು ಸಾಕ್ಷಿ ಹೇಳುತ್ತೆ ಅಷ್ಟೇ ಕಣೇ, ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ. ಆದ್ರೆ ಎಲ್ಲಿ ಕೂರಿಸ್ತೀಯೋ ಅಲ್ಲಿಂದ ಕಂಡಿದ್ದನ್ನೇ ಹೇಳುತ್ತೆ' ಎಂದಿದ್ದೆ. ಆಮೇಲೆ ಇನ್ನೊಂದು ಮಾತು, ಬೆರಳು ಆಡಿಸಿ ಹೇಳಿದ್ದು: ಸೆನ್ಸರನ್ನು ಗೇಣುದ್ದ ಸರಿಸಿದರೂ ಎರಡೂ ಕಡೆಯ ಗಾಜನ್ನು ಕತ್ತರಿಸಿ ಅಳೆದು ನೋಡಬೇಕು, ನೋಡದೆ ಲೈನು ಶುರುಮಾಡಬಾರದು. ಸರಿಯಾಗಿ ಒಪ್ಪಿಸಿದೆನೇ?

ಈಗ ಕಥೆಗೆ ಬರೋಣ. ನಾವು ಮಾರಿದ ಫಲಕಗಳು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮೂಲೆಯಲ್ಲಿ ಮಂಕಾಗಿ ವಾಪಸು ಬರತೊಡಗಿದವು, ನೆನಪಿದೆಯಲ್ಲ. ಎರಡೇ ಕಾರಣ ಇರಬಹುದಿತ್ತು. ಒಂದೋ ಆ ಮೂಲೆಯಲ್ಲಿ ಪದರ ತೆಳುವಾಗಿದೆ, ಇಲ್ಲವೇ ಗಾಜು ಕೊಳೆಯಾಗಿದ್ದು ಪದರ ಸರಿಯಾಗಿ ಹಿಡಿದಿಲ್ಲ. ಪದರದ ಲೈನು ನಿನ್ನದು, ತೊಳೆಯುವುದು ಚಿಕ್ಕಮ್ಮನದು. ತೆರೆ ನೋಡಿದರೆ ಪದರ ಯಾವತ್ತೂ ಪೂರ್ತಿ. ಪರೀಕ್ಷೆಗೆ ಕತ್ತರಿಸಿದ ತುಂಡುಗಳಲ್ಲೂ ಪೂರ್ತಿ. ಆ ತುಂಡುಗಳನ್ನು ನಾವು ಯಾವಾಗಲೂ ಬಾಗಿಲ ಕಡೆಯ ಗಾಜಿನಿಂದಲೇ ಕತ್ತರಿಸುತ್ತೇವೆ, ಕಾರಣ ಕತ್ತರಿಸುವ ಮೇಜು ಬಾಗಿಲ ಪಕ್ಕದಲ್ಲಿದೆ, ಗೋಡೆ ಕಡೆಯದನ್ನು ಎತ್ತಿಕೊಂಡು ಸುತ್ತಿ ಬರಲು ಎಲ್ಲರಿಗೂ ಸೋಮಾರಿತನ. ಇದನ್ನು ಅಂದು ಯಾರೂ ಯೋಚಿಸಲಿಲ್ಲ. ಹೊರಗೆ ಹೋದ ಫಲಕ ಯಾವ ಕಡೆಯದು ಎಂದು ಅದರ ಹಣೆಯ ಮೇಲೆ ಬರೆದಿರುವುದಿಲ್ಲವಲ್ಲ. ವಿಚಾರಣೆಗೆ ದಿನ ಗೊತ್ತಾಯಿತು. ತೆರೆಯ ಮುಂದೆ ಕೂರುವವಳು ನಾನು, ಹಾಗಾಗಿ ನಾನೂ ಹೋಗಬೇಕಾಯಿತು. ಅದರ ಹಿಂದಿನ ವಾರವಷ್ಟೇ ನೀನು ನಮ್ಮ ಕಂಪನಿ ಪರ ಊರಿನಲ್ಲಿ ಕಟ್ಟುತ್ತಿದ್ದ ಹೊಸ ಕಾರ್ಖಾನೆಯ ಜಾಗ ನೋಡಲು ಹೋಗಿ ಬಂದಿದ್ದೆ. ಬರುವಾಗ ನನಗೆ ಕಂದು ಬಣ್ಣದ ಚಪ್ಪಲಿ ತಂದಿದ್ದೆ. ಕಾಲಿಗೆ ಅಷ್ಟು ಸರಿಯಾಗಿ ಕೂತ ಚಪ್ಪಲಿ ನಾನು ಹುಟ್ಟಿದಾರಭ್ಯ ಹಾಕಿರಲಿಲ್ಲ.

ವಿಚಾರಣೆಯ ಹಿಂದಿನ ಸಂಜೆ ನೀನು ನನ್ನನ್ನು ಬಾಲ್ಕನಿಯಲ್ಲಿ ಕೂರಿಸಿಕೊಂಡು ತಲೆ ಬಾಚಿದೆ. ಎಷ್ಟೋ ವರ್ಷಗಳ ಮೇಲೆ. ಸಿಕ್ಕು ಬಿಡಿಸುತ್ತ 'ಹೆದರಬೇಡ. ತೆರೆಯ ಮೇಲೆ ಏನು ನೋಡಿದ್ಯೋ ಅಷ್ಟು ಹೇಳು. ನಿನಗೆ ಗೊತ್ತಿಲ್ಲದ್ದನ್ನ ಮಾತಾಡಬೇಡ' ಎಂದೆ. ನಾನು ಎಂಥ ಪೆದ್ದಿ, ನನ್ನ ಭಯ ಕಳೆಯಲು ಹೇಳುತ್ತಿದ್ದೀಯ ಎಂದುಕೊಂಡೆ. ಮರುದಿನ ಹೊಸ ಚಪ್ಪಲಿ ಹಾಕಿಕೊಂಡು ಆ ಉದ್ದ ಮೇಜಿನ ಮುಂದೆ ನಿಂತೆ. ಮ್ಯಾನೇಜರು ಕೇಳಿದರು, ನಾನು 'ಪದರ ಪೂರ್ತಿ ಇತ್ತು ಸಾರ್, ಪ್ರತಿ ಸಲವೂ' ಎಂದೆ. ಚಿಕ್ಕಮ್ಮ ಆ ಕಡೆ ಕುರ್ಚಿಯಲ್ಲಿ ರಬ್ಬರ್ ಬೂಟು ಹಾಕಿಕೊಂಡೇ ಕೂತಿದ್ದಳು, ಪಾಳಿ ಮಧ್ಯದಲ್ಲಿ ಕರೆಸಿದ್ದರು. 'ನನ್ನ ಗಾಜು ಸರಿಯಾಗೇ ಇತ್ತು' ಎಂದಳು. ಮ್ಯಾನೇಜರು ನನ್ನ ಕಡೆ ಕೈ ತೋರಿಸಿ 'ನಿಮ್ಮ ಮಗಳೇ ಹೇಳ್ತಿದ್ದಾಳಲ್ಲಮ್ಮಾ, ಪದರದಲ್ಲಿ ಏನೂ ಕೊರತೆ ಇರಲಿಲ್ಲ ಅಂತ. ಮತ್ತೆ ಇನ್ನೇನಿರುತ್ತೆ?' ಎಂದರು. ಚಿಕ್ಕಮ್ಮ ನನ್ನನ್ನು ನೋಡಿದಳು. ಕೋಪವಿರಲಿಲ್ಲ ಆ ನೋಟದಲ್ಲಿ. ತನ್ನ ಕೈ ನೋಡಿಕೊಂಡಳು. ಆಮೇಲೆ 'ಅವಳು ಹೇಳಿದ್ರೆ ಸರಿಯೇ ಇರುತ್ತೆ' ಎಂದಳು. ನೀನು ಅವಳ ಪಕ್ಕದಲ್ಲೇ ಕೂತಿದ್ದೆ ಅಕ್ಕಾ. ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದೆ.

ಮಾರನೇ ದಿನ ಅವಳು ಬೂಟು ಕೈಗವಸುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದಳು. ತೊಳೆಯುವ ವಿಭಾಗಕ್ಕೆ ಯಂತ್ರ ಬಂತು. ನೀನು ಫ್ಯಾನು ಹಾಕಿ ಅದರ ಕೆಳಗೆ ಅವಳನ್ನು ಕೂರಿಸಿ 'ಹೇಗೂ ನಿನಗೆ ವಿಶ್ರಾಂತಿ ಬೇಕಿತ್ತು, ನಾವಿಬ್ಬರಿದ್ದೀವಲ್ಲ' ಎಂದೆ. ಎಷ್ಟು ಒಳ್ಳೆಯ ಮಗಳು ಎಂದು ನನಗೇ ಕಣ್ಣು ತುಂಬಿತು. ಇನ್ನೊಂದು ತಿಂಗಳಿಗೆ ನೀನು ಹೊಸ ಕಾರ್ಖಾನೆಯ ಮುಖ್ಯಸ್ಥೆಯಾಗಿ ಹೊರಟೆ. ಬಸ್ಸಿನ ಕಿಟಕಿಯಿಂದ ಕೈ ಚಾಚಿ ಅವಳ ಕೆನ್ನೆ ಸವರಿದೆ. ನಿನ್ನ ಕುರ್ಚಿ ನನಗೆ ಬಂತು.

ನಿನ್ನ ಕುರ್ಚಿಯ ಜೊತೆ ಹರಳು ಬದಲಿಸುವ ಕೆಲಸವೂ ಬಂತು. ನೀನಿದ್ದಾಗ ಅದನ್ನು ಯಾರಿಗೂ ಬಿಡುತ್ತಿರಲಿಲ್ಲ, ಬೆರಳ ಗುರುತು ಬಿದ್ದರೆ ಹರಳು ಕೆಡುತ್ತದೆ ಎನ್ನುತ್ತಿದ್ದೆ. ಚೇಂಬರು ತೊಳೆಯಲು ತೆರೆದ ದಿನ ನಾನು ಮೊದಲ ಸಲ ತಲೆ ಒಳಗೆ ಹಾಕಿದೆ. ನಡುವಿನ ಪಟ್ಟಿಯಲ್ಲಿ ಸೆನ್ಸರಿಲ್ಲ. ಅದಿದ್ದದ್ದು ಬಾಗಿಲ ಕಡೆಯ ತುದಿಯಲ್ಲಿ, ಕೈ ಚಾಚಿದರೆ ಸಿಗುವ ಹಾಗೆ. ನಡುವಿನ ತೂತಿಗೆ ಒಂದು ತಗಡು ಬಿಗಿದಿತ್ತು. ಅದರ ನಾಲ್ಕೂ ಮೂಲೆಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿತ್ತು. ಕಾರ್ಖಾನೆಯಲ್ಲಿ ತಗಡಿನ ಮೂಲೆ ದುಂಡಗೆ ಮಾಡುವವಳು ನೀನೊಬ್ಬಳೇ, ಯಾರ ಕೈಗವಸೂ ಹರಿಯಬಾರದು ಎಂದು. ಆ ತಗಡಿನ ಮೇಲೆ ಆವಿ ಬಿದ್ದು ಬಿದ್ದು ದಪ್ಪ ಹಕ್ಕಳೆ ಕಟ್ಟಿತ್ತು, ಅಂದರೆ ಹಾಕಿ ಬಹಳ ಕಾಲವಾಗಿತ್ತು. ಯಾಕೆ ಸರಿಸಿದೆ ಎಂದು ಅರ್ಥವಾಗಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ನಡುವೆ ಆವಿ ಜೋರು, ಹರಳು ಬೇಗ ಸಾಯುತ್ತದೆ, ಸತ್ತಾಗೆಲ್ಲ ಲೈನು ನಿಲ್ಲಿಸಿ ಚೇಂಬರು ತಣಿಸಬೇಕು. ತುದಿಯಲ್ಲಾದರೆ ಹರಳು ಬಾಳಿಕೆ ಬರುತ್ತದೆ, ಲೈನು ಓಡುತ್ತಲೇ ಇರುತ್ತದೆ, ಲೈನು ಓಡಿಸಿದವಳಿಗೆ ಶಹಭಾಸ್‌ಗಿರಿ. ತುದಿಗೆ ಬೀಳುವುದು ಇಷ್ಟು, ಹಾಗಾದರೆ ಗಾಜಿಗೆ ಅಷ್ಟು ಎಂದು ನೀನು ಲೆಕ್ಕ ಕಟ್ಟಿ ಯಂತ್ರಕ್ಕೆ ಹೇಳಿದ್ದೆ. ಮೂಸೆ ಹೊಸದಿರುವವರೆಗೆ ಅದು ಸರಿಯೇ. ಮೂಸೆ ಹಳತಾಗಿ ಬಾಯಿ ಸೊಟ್ಟಗಾದ ಮೇಲೆ ಆವಿ ಬಾಗಿಲ ಕಡೆ ವಾಲಿತು. ಬಾಗಿಲ ಕಡೆ ಕೂತ ಹರಳು ಸಾಕು ಸಾಕು ಎಂದಿತು, ಮುಚ್ಚಳ ಬೇಗ ಬಿತ್ತು, ಗೋಡೆ ಕಡೆಯ ಮೂಲೆಗೆ ಸಾಕಷ್ಟು ಆವಿ ಮುಟ್ಟಿಯೇ ಇರಲಿಲ್ಲ. ಪಾಪದ ಹರಳು, ನನ್ನ ಹಾಗೆ ಕೂರಿಸಿದ ಕಡೆಯಿಂದ ಕಂಡದ್ದನ್ನು ಹೇಳಿತು.

ಅಂದೇ ಗೋಡೆ ಕಡೆಯ ಗಾಜೊಂದನ್ನು ತರಿಸಿ ಮೂಲೆ ಕತ್ತರಿಸಿ ಅಳೆದೆ. ಪದರ ಅರ್ಧವೂ ಇರಲಿಲ್ಲ. ಆದರೂ ಕೇಳು, ಆಗಲೂ ನಾನು ನಿನ್ನ ಪರ ವಕೀಲಿಕೆ ಮಾಡಿದೆ. ಅಕ್ಕ ಸರಿಸಿದ್ದಾಳೆ ನಿಜ, ಗೋಡೆ ಕಡೆ ಹೀಗಾಗುತ್ತದೆಂದು ಅವಳಿಗೆ ಹೊಳೆದಿರಲಿಕ್ಕಿಲ್ಲ, ಕೆಲಸದ ಗಡಿಬಿಡಿ, ಎಂಥವರಿಗೂ ತಪ್ಪುತ್ತದೆ, ಗೊತ್ತಿದ್ದರೆ ಚಿಕ್ಕಮ್ಮನನ್ನು ಆ ಕುರ್ಚಿಯಲ್ಲಿ ಹಾಗೆ ಕೂರಲು ಬಿಡುತ್ತಿದ್ದಳೇ? ಇಷ್ಟೆಲ್ಲ ನನಗೆ ನಾನೇ ಹೇಳಿಕೊಂಡು ಸೆನ್ಸರನ್ನು ವಾಪಸು ನಡುವೆ ಕೂರಿಸಿದೆ. ನಿನಗೆ ಫೋನು ಮಾಡಿ ಮೆಲ್ಲಗೆ ಹೇಳೋಣವೆಂದಿದ್ದೆ, ನೀನು ಮೀಟಿಂಗಿನಲ್ಲಿದ್ದೆ.

ಆಮೇಲೆ ನಿನ್ನ ಕಾರ್ಖಾನೆಯ ಆ ಉದ್ದ ಕೊರಳಿನ ಫಿಟ್ಟರು ಬಂದರು, ಹೆಚ್ಚುವರಿ ಹರಳು ಒಯ್ಯಲು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ನಲ್ಲಿ. ಟೀ ಕುಡಿಯುತ್ತ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. 'ನಿಮ್ಮಕ್ಕ ಭಾರಿ ಚುರುಕು ಕಣಮ್ಮಾ. ಮೊದಲನೇ ಸಲ ಜಾಗ ನೋಡೋಕೆ ಬಂದಾಗಲೇ ಹೇಳಿಬಿಟ್ರು, ಸೆನ್ಸರ್ ಒಂದೇ ಸಾಕಾಗಲ್ಲ, ನಡುವೆ ಒಂದು, ಗೋಡೆ ಕಡೆ ಒಂದು ಇರಲೇಬೇಕು ಅಂತ. ಬಾಗಿಲ ಕಡೆ ನೋಡ್ಕೊಂಡು ನಂಬಿಕೊಂಡ್ರೆ ಗೋಡೆ ಕಡೆ ಮೂಲೆ ಕೈ ಕೊಡುತ್ತಂತೆ. ನಿಂತುಕೊಂಡು ಅವತ್ತೇ ತೂತು ಕೊರೆಸಿದ್ರು.' ಮೊದಲನೇ ಸಲ ಎಂದರೆ ಯಾವಾಗ ಎಂದು ಕೇಳಿದೆ. ಅವರು ಬಗ್ಗಿ ನನ್ನ ಕಾಲು ನೋಡಿ ನಕ್ಕರು. 'ಅದೇ, ಈ ಚಪ್ಪಲಿ ತಗೊಂಡ ದಿನ. ಅಂಗಡಿಗೆ ನಾನೇ ಕರ್ಕೊಂಡು ಹೋಗಿದ್ದೆ. ಅಳತೆ ತಪ್ಪಬಾರದು ಅಂತ ನಿಮ್ಮ ಪಾದಾನ ಕಾಗದದ ಮೇಲೆ ಗೆರೆ ಎಳೆದು ತಂದಿದ್ರು, ಎಂಥ ಪ್ರೀತಿ!'

ಎಂಥ ಪ್ರೀತಿ. ವಿಚಾರಣೆಗಿಂತ ಒಂದು ವಾರ ಮೊದಲು ನಿನಗೆ ಎಲ್ಲ ಗೊತ್ತಿತ್ತು. ಗೋಡೆ ಕಡೆಯ ಮೂಲೆ ಕೈ ಕೊಡುತ್ತದೆ ಎಂದು ಪರ ಊರಿನ ಫಿಟ್ಟರಿಗೆ ಹೇಳಿದೆ, ಸಾಕಿದವಳಿಗೆ ಹೇಳಲಿಲ್ಲ. ಅವರ ಚೇಂಬರಿಗೆ ತೂತು ಕೊರೆಸಿ, ಅದೇ ಸಂಜೆ ಅಂಗಡಿಗೆ ಹೋಗಿ ನನಗೆ ಚಪ್ಪಲಿ ಕೊಂಡು, ಊರಿಗೆ ಬಂದು ನನ್ನ ತಲೆ ಬಾಚಿ, ನನ್ನನ್ನು ಕರೆದುಕೊಂಡು ಹೋಗಿ ಚಿಕ್ಕಮ್ಮನ ಎದುರು ನಿಲ್ಲಿಸಿದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಯಾದರೂ ಮೇಲು, ಒರೆಸಿದ್ದು ತನ್ನ ಕೈಯಿಂದ. ನೀನು ನನ್ನ ಕೈಯಿಂದ ಒರೆಸಿದೆ. ನನಗೆ ಹೊಟ್ಟೆ ಉರಿಯುತ್ತಿರುವುದು ಅಲ್ಲೇ. ನೀನೇ ಎದ್ದು ನಿಂತು 'ಗಾಜು ಕೊಳೆ ಇತ್ತು' ಎಂದಿದ್ದರೆ ಅವಳು ಜಗಳವಾಡುತ್ತಿದ್ದಳು, ತೊಟ್ಟಿಯ ಹತ್ತಿರಕ್ಕೆ ಎಲ್ಲರನ್ನೂ ಎಳೆದೊಯ್ದು ತೊಳೆದು ತೋರಿಸುತ್ತಿದ್ದಳು. ನಾನು ಹೇಳಿದ್ದರಿಂದ ಸುಮ್ಮನಾದಳು. ಅದು ನಿನಗೆ ಗೊತ್ತಿತ್ತು. ಅವಳು ನನ್ನ ಮಾತು ನಂಬುತ್ತಾಳೆ, ನಾನು ನಿನ್ನ ಮಾತು ನಂಬುತ್ತೇನೆ, ಇವೆರಡನ್ನೂ ನೀನು ಹರಳಿನಷ್ಟೇ ನಾಜೂಕಾಗಿ ಎತ್ತಿ ಬೇಕಾದ ಕಡೆ ಕೂರಿಸಿದೆ. ಚಪ್ಪಲಿಯನ್ನು ಅಂದೇ ಕೆಳಗಿನ ಟೈರು ಅಂಗಡಿಯ ಡಬ್ಬಿಗೆ ಎಸೆದು ಬಂದೆ. ಈಗ ಹಳೆಯದನ್ನೇ ಹಾಕುತ್ತೇನೆ, ಹಿಮ್ಮಡಿ ಕಚ್ಚುತ್ತದೆ, ಕಚ್ಚಲಿ.

ಮ್ಯಾನೇಜರಿಗೆ ಹೇಳಿದೆ. ಅಳತೆ ತೋರಿಸಿದೆ. ಅವರು ತಲೆ ಕೆರೆದುಕೊಂಡು 'ಈಗ ಸರಿಯಾಗಿದೆ ತಾನೇ? ಮುಗಿದ ಕಥೆ ಕೆದಕಿ ಏನು ಪ್ರಯೋಜನ?' ಎಂದರು. ಅವರನ್ನು ಬಿಡು, ಅವರಿಂದ ನನಗೇನೂ ಬೇಕಿಲ್ಲ, ಚಿಕ್ಕಮ್ಮನಿಗೂ ಆ ತೊಟ್ಟಿಗಳು ಮತ್ತೆ ಬೇಕಿಲ್ಲ. ಅವಳಿಗೆ ಬೇಕಾದದ್ದು ಅವಳ ಕೈ. ಅದಕ್ಕೇ ಹೋದ ಭಾನುವಾರ ಅವಳನ್ನು ಇದೇ ಮೇಜಿನ ಮುಂದೆ ಕೂರಿಸಿ ಎಲ್ಲವನ್ನೂ ಹೇಳಿದೆ. ಎರಡು ಲೋಟಗಳನ್ನು ಗಾಜು ಮಾಡಿ, ಉಪ್ಪಿನ ಡಬ್ಬಿಯನ್ನು ಮೂಸೆ ಮಾಡಿ, ನಡುವೆ ಹರಳಿನ ಬದಲು ಒಂದು ಅಂಗಿಯ ಗುಂಡಿ ಇಟ್ಟು, ಆ ಗುಂಡಿಯನ್ನು ನೀನು ಎಲ್ಲಿಂದ ಎಲ್ಲಿಗೆ ಸರಿಸಿದೆ ಎಂದು ತೋರಿಸಿದೆ. ಅವಳು ಗಮನವಿಟ್ಟು ಕೇಳಿದಳು. ಮುಗಿದ ಮೇಲೆ ನನ್ನ ಗಲ್ಲ ಹಿಡಿದು 'ನನ್ನ ಸಮಾಧಾನಕ್ಕೆ ಏನೇನೋ ಕಟ್ಟಬೇಡ ಮಗಳೇ. ವಯಸ್ಸಾದ ಕೈ, ತಪ್ಪಿರುತ್ತೆ. ನಾನು ಬೆಳೆಸಿದ ಹುಡುಗಿ ಹಾಗೆ ತಪ್ಪೋಳಲ್ಲ' ಎಂದಳು. ಗುಂಡಿಯನ್ನು ಎತ್ತಿ ನನ್ನ ಅಂಗಿಯದೇ ಎಂದು ನೋಡಿ, ಸೂಜಿ ದಾರ ತಂದು ಹೊಲಿದುಕೊಟ್ಟಳು. ಉಪ್ಪಿನ ಡಬ್ಬಿ ಒಳಗಿಟ್ಟಳು. ಆ ಎರಡು ಲೋಟಗಳನ್ನು ಎತ್ತಿಕೊಂಡು ಹೋಗಿ ತೊಳೆಯತೊಡಗಿದಳು.

ಅಕ್ಕಾ, ನಾನು ಇಷ್ಟು ದಿನ ಅತ್ತಿರಲಿಲ್ಲ, ಕೋಪದಲ್ಲೇ ಕಾಲ ತಳ್ಳಿದ್ದೆ. ಅವತ್ತು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ತನ್ನ ಕೈಯೋ ನೀನೋ ಎಂದು ಬಂದರೆ ಅವಳು ನಿನ್ನನ್ನು ಇಟ್ಟುಕೊಂಡು ಕೈಯನ್ನು ಬಿಡುತ್ತಾಳೆ. ನನ್ನ ಮಾತು ಅಲ್ಲಿ ನಡೆಯುವುದಿಲ್ಲ, ನೀನು ಅದನ್ನು ಒಮ್ಮೆ ಖರ್ಚು ಮಾಡಿಬಿಟ್ಟಿದ್ದೀಯ. ಸತ್ಯ ನಿನ್ನ ಬಾಯಿಂದಲೇ ಬರಬೇಕು. ಬಂದರೆ ನಿನ್ನ ಮೇಲಿನ ಅವಳ ನಂಬಿಕೆ ಹೋಗುತ್ತದೆ, ಗೊತ್ತು. ನನ್ನದು ಹೋದಾಗ ನಾನು ಸಾಯಲಿಲ್ಲ, ಅವಳೂ ಸಾಯುವುದಿಲ್ಲ. ಹೀಗೆ ದಿನಾ ಲೋಟ ತೊಳೆಯುತ್ತ ಕೂತರೆ ಮಾತ್ರ ನನಗೆ ಹೆದರಿಕೆ. ನೀನು ಕೆಟ್ಟವಳೇ ಎಂದು ಕೇಳಿದರೆ ನನಗಿನ್ನೂ ಉತ್ತರ ಗೊತ್ತಿಲ್ಲ. ಕಾಗದದ ಮೇಲೆ ನನ್ನ ಪಾದದ ಗೆರೆ ಎಳೆದದ್ದೂ ನೀನೇ, ನಾನು ನಿದ್ದೆಯಲ್ಲಿದ್ದಾಗ ಎಳೆದಿರಬೇಕು, ನನಗೆ ತಿಳಿಯಲೇ ಇಲ್ಲ. ಅದನ್ನು ನೆನೆದರೆ ಇನ್ನೂ ಜಾಸ್ತಿ ಸಿಟ್ಟು ಬರುತ್ತದೆ. ಪ್ರೀತಿ ಇಲ್ಲದವಳು ಮಾಡಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು.

ಒಳಗೆ ಚಿಕ್ಕಮ್ಮ ಬಟ್ಟೆ ಮಡಚುತ್ತ ನನ್ನನ್ನು ಕೂಗುತ್ತಿದ್ದಾಳೆ, ಇಷ್ಟುದ್ದ ಏನು ಬರೆಯುತ್ತೀಯ ಎಂದು. ನಿನಗೆ ಹೇಳು ಎಂದು ಅವಳು ಯಾವಾಗಲೂ ಅನ್ನುವುದು: ಹೊತ್ತಿಗೆ ಊಟ ಮಾಡಬೇಕಂತೆ, ಒದ್ದೆ ಕೂದಲು ಕಟ್ಟಬಾರದಂತೆ, ಲೈನಿನ ಹತ್ತಿರ ನಿಲ್ಲುವಾಗ ಮುಖಕ್ಕೆ ಬಟ್ಟೆ ಕಟ್ಟಬೇಕಂತೆ. ಅವಳ ಆಶೀರ್ವಾದ ನಿನಗೆ ಯಾವಾಗಲೂ ಇದ್ದೇ ಇದೆ, ನಾನು ಬರೆದು ಕಳಿಸಬೇಕಾಗಿಲ್ಲ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ಇಂತಿ ನಿನ್ನ ತಂಗಿ,
ನೀನೇ ಹೆಸರಿಟ್ಟ ಮೆಣಸಿನಕಾಯಿ

ತಾ.ಕ. ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ, ನಿನ್ನ ಕೈಗೆ ಕೊಟ್ಟವಳನ್ನು ನೋಡಿಯೇ ಗೊತ್ತಾಗಿರುತ್ತದೆ. ಒಂದು ವಾರದಿಂದ ಚಿಕ್ಕಮ್ಮನದು ಒಂದೇ ಹಠ, ನಿನ್ನ ಲೈನಿನಲ್ಲಿ ಒಂದೇ ಒಂದು ಗಾಜು ತೊಳೆದು ನೋಡಬೇಕಂತೆ, ಕೈ ನಿಜವಾಗಿ ಹೋಗಿದೆಯೋ ಇಲ್ಲವೋ ನೀನೇ ಅಳೆದು ಹೇಳಬೇಕಂತೆ. ಹಳೆಯ ಕೈಗವಸು ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಅಂಟಿಸಿದ ಲಕೋಟೆಯನ್ನು ಅವಳು ಒಡೆಯುವವಳಲ್ಲ, ಇದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿಲ್ಲ. ಮೇಲೆ ಪಾಠವನ್ನು ಅಷ್ಟು ಬಿಡಿಸಿ ಬರೆದದ್ದು ನಿನಗೆಂದುಕೊಂಡೆಯಾ? ಈಗ ಅವಳು ನಿನ್ನ ಎದುರು ಕೂತು ನಿನ್ನ ಮುಖ ನೋಡುತ್ತಿದ್ದಾಳೆ, 'ಏನು ಬರೆದಿದ್ದಾಳೆ?' ಎಂದು ಕೇಳುತ್ತಾಳೆ. ಸಾಕ್ಷಿಯನ್ನು ಎಲ್ಲಿ ಕೂರಿಸಬೇಕೆಂದು ಕಲಿಸಿದವಳು ನೀನೇ. ಮೊದಲಿನಿಂದ ಓದು ಅಕ್ಕಾ, ಅವಳಿಗೆ ಕೇಳಿಸುವ ಹಾಗೆ.